ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯೋದು?

ನಾನು ಬರೆದ ಒಂದು ಪುಟ್ಟ ಪ್ರೋಗ್ರಾಂ ಹನ್ನೊಂದು ದಿನ ಸುಮ್ಮನೆ ಕೂತಿತ್ತು. ಕೆಟ್ಟು ನಿಂತಿರಲಿಲ್ಲ, ಎರರ್ ಕೊಟ್ಟಿರಲಿಲ್ಲ. ಒಂದು ಸರ್ವರ್‌ಗೆ ಪ್ರಶ್ನೆ ಕೇಳಿ, ಉತ್ತರ ಬರುತ್ತೆ ಅಂತ ಕಾಯ್ತಾ ಇತ್ತು, ಅಷ್ಟೇ. ಆ ಹನ್ನೊಂದು ದಿನದಲ್ಲಿ ನಮ್ಮ ಮನೆಗೆ ಆದ ನಷ್ಟ 13,800 ರೂಪಾಯಿ. ಬೆಂಗಳೂರಲ್ಲಿ ಕೂತು ನೋಡಿದರೆ ಅಂಥ ದೊಡ್ಡ ಮೊತ್ತ ಅಲ್ಲ. ಆದರೆ ಅದು ನನ್ನ ಸಂಬಳದ ದುಡ್ಡಲ್ಲ, ಅಪ್ಪಯ್ಯನ ಅಡಿಕೆ ದುಡ್ಡು. ಸಂಕಟ ಆಗಿದ್ದು ಅದಕ್ಕೇ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಎರಡು ಎಕರೆ ತೋಟ. ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ಅಪ್ಪಯ್ಯನಿಗೆ ಒಂದೇ ಧ್ಯಾನ: ಧಾರಣೆ. ಇವತ್ತು ಕೊಡೋದಾ, ಇನ್ನೊಂದು ವಾರ ತಡೆಯೋದಾ? ದಿನಾ ಬೆಳಿಗ್ಗೆ ನನಗೆ ಫೋನ್. "ರಾಶಿ ಎಷ್ಟಾಗಿದೆ ನೋಡಾ ಮಾರಾಯ, ನಿನ್ನ ಕಂಪ್ಯೂಟರಲ್ಲಿ ಬರುತ್ತಲ್ಲ." ಸರಿಯಾಗಿ ನಮ್ಮ ಆಫೀಸಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ಹೊತ್ತಿಗೇ ಆ ಫೋನ್ ಬರೋದು. ನಾಲ್ಕು ದಿನ ನೋಡಿ ಹೇಳಿದೆ, ಐದನೇ ದಿನ ಫೋನ್ ಕಟ್ ಮಾಡಿದೆ. ಆಮೇಲೆ ಪಾಪ ಅನ್ನಿಸಿತು. ಆ ವಾರದ ಕೊನೆಯಲ್ಲಿ ಕೂತು ಒಂದು ಪ್ರೋಗ್ರಾಂ ಬರೆದೆ.

ಕೆಲಸ ಸರಳ. ಮಾರುಕಟ್ಟೆ ಧಾರಣೆ ಪ್ರಕಟಿಸುವ ಒಂದು ವೆಬ್ ಪುಟವನ್ನು ಓದೋದು, ರಾಶಿ ಅಡಿಕೆಯ ಸಾಲು ಹುಡುಕೋದು, ಧಾರಣೆ ಬದಲಾಗಿದ್ದರೆ ಅಪ್ಪಯ್ಯನ ಫೋನಿಗೆ ಟೆಲಿಗ್ರಾಂನಲ್ಲಿ ಮೆಸೇಜ್ ಕಳಿಸೋದು. ಪೈಥಾನ್‌ನಲ್ಲಿ ಇಪ್ಪತ್ತೈದು ಸಾಲು ಆಗಿರಬಹುದು. ಅದರಲ್ಲೂ ಪುಟವನ್ನು ತರೋ ಕೆಲಸಕ್ಕೆ ಬೇಕಾಗಿದ್ದು ಎರಡೇ ಸಾಲು. ಅದಕ್ಕೆ ಕಾರಣ ರಿಕ್ವೆಸ್ಟ್ಸ್ ಅನ್ನೋ ಲೈಬ್ರರಿ.

ಎರಡು ಸಾಲಿನ ಮೋಡಿ

ಪೈಥಾನ್ ಬಳಸುವವರಿಗೆ ಇದರ ಪರಿಚಯ ಬೇಕಿಲ್ಲ. ಬೇರೆಯವರಿಗಾಗಿ ಹೇಳ್ತೀನಿ. ನೀವು ಬ್ರೌಸರ್‌ನಲ್ಲಿ ವಿಳಾಸ ಒತ್ತಿದಾಗ ಆಗುವ ಕೆಲಸವನ್ನೇ ಕೋಡ್‌ನಿಂದ ಮಾಡಿಸೋಕೆ ಇರುವ ಸಲಕರಣೆ ಇದು. ಮೊದಲ ಸಾಲಲ್ಲಿ ಲೈಬ್ರರಿಯನ್ನು ಕರೆಯೋದು, ಎರಡನೇ ಸಾಲಲ್ಲಿ 'ರಿಕ್ವೆಸ್ಟ್ಸ್ ಡಾಟ್ ಗೆಟ್' ಅಂತ ಬರೆದು ಬ್ರಾಕೆಟ್ ಒಳಗೆ ವಿಳಾಸ ಕೊಡೋದು. ಪುಟ ಕೈಗೆ ಬಂತು.

ಮೊದಲು ಇಷ್ಟು ಸಲೀಸಾಗಿರಲಿಲ್ಲ. ಪೈಥಾನ್ ಜೊತೆಗೇ ಬರುತ್ತಿದ್ದ ಯುಆರ್‌ಎಲ್‌ಲಿಬ್2 ಬಳಸಿದರೆ, ಪಾಸ್‌ವರ್ಡ್ ಇರುವ ಒಂದು ಪುಟ ತೆರೆಯೋಕೂ ಹ್ಯಾಂಡ್ಲರ್, ಓಪನರ್ ಅಂತ ಸುತ್ತು ಬಳಸಿ ಬರೀಬೇಕಿತ್ತು. 2011ರಲ್ಲಿ ಕೆನೆತ್ ರೈಟ್ಜ್ ಅನ್ನೋ ಅಮೆರಿಕದ ಪ್ರೋಗ್ರಾಮರ್ ರಿಕ್ವೆಸ್ಟ್ಸ್ ಬಿಡುಗಡೆ ಮಾಡಿದ. 'ಮನುಷ್ಯರಿಗಾಗಿ ಎಚ್‌ಟಿಟಿಪಿ' ಅನ್ನೋದು ಅದರ ಘೋಷವಾಕ್ಯ. ಒಳಗಿನ ಭಾರದ ಕೆಲಸವನ್ನು ಯುಆರ್‌ಎಲ್‌ಲಿಬ್3 ಅನ್ನೋ ಇನ್ನೊಂದು ಲೈಬ್ರರಿ ಮಾಡುತ್ತೆ. ರಿಕ್ವೆಸ್ಟ್ಸ್ ಮೇಲೆ ಕೂತು ನಮ್ಮ ಜೊತೆ ಸರಳವಾಗಿ ಮಾತಾಡುತ್ತೆ. ಈಗ ಅದು ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಆಸರೆಯಲ್ಲಿದೆ. ಪೈಥಾನ್ ಲೋಕದಲ್ಲಿ ಅತಿ ಹೆಚ್ಚು ಡೌನ್‌ಲೋಡ್ ಆಗುವ ಲೈಬ್ರರಿಗಳಲ್ಲಿ ಅದೂ ಒಂದು.

ಈ ಕೇಳೋದು, ಹೇಳೋದು ಒಂದು ರೀತಿಯ ಕಾಗದ ವ್ಯವಹಾರ. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ರೂಪಿಸಿದ ಎಚ್‌ಟಿಟಿಪಿಯ 1991ರ ಆವೃತ್ತಿಯಲ್ಲಿ ಕೋರಿಕೆ ಅಂದರೆ ಒಂದೇ ಒಂದು ಸಾಲು: 'ಗೆಟ್' ಅನ್ನೋ ಪದ, ಪಕ್ಕದಲ್ಲಿ ಬೇಕಾದ ಪುಟದ ಹೆಸರು. ಆ ಕಡೆಯಿಂದ ನೇರವಾಗಿ ಪುಟ ಬರ್ತಿತ್ತು. ಕೆಲಸ ಆಯ್ತಾ, ಇಲ್ವಾ ಅಂತ ಹೇಳುವ ಸ್ಟೇಟಸ್ ಕೋಡ್ ಕೂಡ ಇರಲಿಲ್ಲ. 200, 404, 503 ಅನ್ನೋ ಸಂಖ್ಯೆಗಳು ಆಮೇಲೆ ಸೇರಿಕೊಂಡವು. ಈಗಿನ ಕೋರಿಕೆಯಲ್ಲಿ ಯಾರು ಕೇಳ್ತಿದ್ದಾರೆ, ಯಾವ ಭಾಷೆಯಲ್ಲಿ ಬೇಕು, ಯಾವ ರೂಪದಲ್ಲಿ ಬೇಕು ಅನ್ನೋದೆಲ್ಲ ಹೆಡರ್ ಅನ್ನೋ ಸಾಲುಗಳಲ್ಲಿ ಹೋಗುತ್ತೆ. ನಾವು ಬೇರೇನೂ ಹೇಳದಿದ್ದರೆ ರಿಕ್ವೆಸ್ಟ್ಸ್ ತನ್ನ ಹೆಸರು, ಆವೃತ್ತಿ ಎರಡನ್ನೂ ಪ್ರಾಮಾಣಿಕವಾಗಿ ಬರೆದು ಕಳಿಸುತ್ತೆ. ಅಂದರೆ ಕೇಳ್ತಿರೋದು ಮನುಷ್ಯರಲ್ಲ, ಪ್ರೋಗ್ರಾಂ ಅಂತ ಆ ಕಡೆಯವರಿಗೆ ಗೊತ್ತಾಗುತ್ತೆ.

ಕ್ವಿಂಟಾಲಿಗೆ 503 ರೂಪಾಯಿ!

ಮೊದಲ ವಾರದಲ್ಲೇ ಒಂದು ತಮಾಷೆ ಆಯ್ತು. ಒಂದು ಸಂಜೆ ಅಪ್ಪಯ್ಯನಿಗೆ ಹೋದ ಮೆಸೇಜ್: "ರಾಶಿ: 503." ಎರಡೇ ನಿಮಿಷಕ್ಕೆ ಫೋನ್ ಬಂತು. "ಎಂಥದಾ ಇದು, ಕ್ವಿಂಟಾಲಿಗೆ ಐನೂರಾ ಮೂರು? ತೋಟ ಕಡಿದು ಶುಂಠಿ ಹಾಕೋದಾ ಹಂಗಾರೆ?"

503 ಅಂದರೆ 'ಸೇವೆ ಸದ್ಯಕ್ಕೆ ಲಭ್ಯವಿಲ್ಲ' ಅಂತ ಸರ್ವರ್ ಹೇಳುವ ಸಂಖ್ಯೆ. ಧಾರಣೆ ಪುಟದ ಬದಲು ಎರರ್ ಪುಟ ಬಂದಿತ್ತು. ನನ್ನ ಪ್ರೋಗ್ರಾಂ ಅದರಲ್ಲಿ ಕಂಡ ಮೊದಲ ಅಂಕೆಯನ್ನೇ ಧಾರಣೆ ಅಂತ ಎತ್ತಿ ಕಳಿಸಿತ್ತು. ಇಲ್ಲಿ ಹೊಸಬರು ಎಡವುವ ಒಂದು ವಿಷಯ ಇದೆ. 404 ಬರಲಿ, 503 ಬರಲಿ, ರಿಕ್ವೆಸ್ಟ್ಸ್ ಅದನ್ನು ತಪ್ಪು ಅಂತ ತಾನಾಗಿ ಕೂಗೋದಿಲ್ಲ. ಅದರ ಮಟ್ಟಿಗೆ ಉತ್ತರ ಬಂತು, ಕೆಲಸ ಮುಗೀತು. 'ರೇಸ್ ಫಾರ್ ಸ್ಟೇಟಸ್' ಅನ್ನೋ ಒಂದು ಸಾಲು ಸೇರಿಸಿದರೆ ಮಾತ್ರ 400, 500ರ ಸರಣಿಯ ಉತ್ತರಗಳನ್ನು ಎರರ್ ಆಗಿ ಎತ್ತಿ ತೋರಿಸುತ್ತೆ. ಬ್ರೌಸರ್ ಜಾವಾಸ್ಕ್ರಿಪ್ಟ್‌ನ ಫೆಚ್ ಕೂಡ ಹೀಗೇ, 404 ಬಂದರೂ ಅದು ಸೋಲು ಅಂತ ಲೆಕ್ಕ ಹಿಡಿಯಲ್ಲ.

ಆ ಸಾಲು ಸೇರಿಸಿದೆ. ರಾಶಿಯ ಧಾರಣೆ ಐದಂಕಿ ಇಲ್ಲದಿದ್ದರೆ ಕಳಿಸಬೇಡ ಅಂತ ಇನ್ನೊಂದು ಸಾಲು ಸೇರಿಸಿದೆ. ಅಪ್ಪಯ್ಯನಿಗೆ ಹೇಳಿದೆ: "ಇನ್ನು ತಪ್ಪು ಬರಲ್ಲ. ಧಾರಣೆ ಬದಲಾದ್ರೆ ಮಾತ್ರ ಮೆಸೇಜ್ ಬರುತ್ತೆ. ಬರ್ಲಿಲ್ಲ ಅಂದ್ರೆ ಹಾಗೇ ಇದೆ ಅಂತ ಅರ್ಥ."

ಈ ಕೊನೆಯ ಮಾತೇ ಆಮೇಲೆ ನಮಗೆ ಮುಳುವಾಯ್ತು.

ಶಿವರಾತ್ರಿಗೆ ಊರಿಗೆ ಹೋದಾಗ

ಎರಡು ತಿಂಗಳು ಎಲ್ಲ ಚೆನ್ನಾಗಿ ನಡೀತು. ಅಪ್ಪಯ್ಯ ಬೆಳಿಗ್ಗೆ ಫೋನ್ ಮಾಡೋದು ಬಿಟ್ಟ. ನಿಜ ಹೇಳಬೇಕಂದ್ರೆ ನನಗೂ ಆರಾಮಾಯ್ತು. ಪ್ರೋಗ್ರಾಂ ಒಂದು ಸಣ್ಣ ಬಾಡಿಗೆ ಸರ್ವರ್‌ನಲ್ಲಿ ಹಗಲೂ ರಾತ್ರಿ ಓಡ್ತಿತ್ತು. ಗಂಟೆಗೊಮ್ಮೆ ಪುಟ ನೋಡೋದು, ಮಲಗೋದು, ಮತ್ತೆ ನೋಡೋದು.

ಶಿವರಾತ್ರಿಗೆ ಊರಿಗೆ ಹೋದೆ. ಹಬ್ಬದ ಮಾರನೇ ದಿನ ತಿಂಡಿಗೆ ಕೂತಾಗ ಅಮ್ಮ ಮಾತಿನ ನಡುವೆ ಹೇಳಿದಳು, ಆರು ಕ್ವಿಂಟಾಲ್ ಅಡಿಕೆ ಹೋದ ವಾರ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಟ್ಟಾಯ್ತು ಅಂತ. ಎಷ್ಟಕ್ಕೆ ಅಂತ ಕೇಳಿದೆ. ಹೇಳಿದಳು. ಸುಮ್ಮನೆ ಇರಲಿ ಅಂತ ಫೋನ್ ತೆಗೆದು ಆ ದಿನದ ಮಾರುಕಟ್ಟೆ ಧಾರಣೆ ನೋಡಿದೆ. ಕ್ವಿಂಟಾಲಿಗೆ 2,300 ರೂಪಾಯಿ ಮೇಲಿತ್ತು.

"ಕೆಳಮನೆ ಮಾವ ಹೇಳಿದ್ರು, ಧಾರಣೆ ಏರಿದೆ, ತಡಿ ಅಂತ" ಅಂದಳು ಅಮ್ಮ. "ನಿಮ್ಮಪ್ಪಯ್ಯ ಕೇಳಬೇಕಲ್ಲ. ಮಗನ ಮೆಸೇಜ್ ಬಂದಿಲ್ಲ, ಧಾರಣೆ ಹಂಗೇ ಇದೆ, ಯಾರೋ ಹೇಳಿದ್ದು ನಂಬೋದಾ ಅಂದ್ರು."

ಬಾಯಲ್ಲಿದ್ದ ದೋಸೆ ಇಳೀಲಿಲ್ಲ. ಅಲ್ಲೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆಗೆದು ಸರ್ವರ್‌ಗೆ ಲಾಗಿನ್ ಆದೆ. ಪ್ರೋಗ್ರಾಂ ಜೀವಂತ ಇತ್ತು. ಮೆಮೊರಿ ಸರಿ ಇತ್ತು. ಲಾಗ್ ಫೈಲ್‌ನ ಕೊನೆಯ ಸಾಲು 'ಧಾರಣೆ ಪುಟ ಕೇಳ್ತಿದ್ದೇನೆ' ಅಂತಿತ್ತು. ತಾರೀಕು ಹನ್ನೊಂದು ದಿನ ಹಿಂದಿನದು. ಅದರ ಕೆಳಗೆ ಏನೂ ಇಲ್ಲ.

ಅಪ್ಪಯ್ಯ ತೋಟದಿಂದ ಬಂದಾಗ ಹೇಳಿದೆ, ತಪ್ಪು ನಂದೇ ಅಂತ. ಕೈಕಾಲು ತೊಳೆದು ಬಂದು ಕೂತ. "ಹೋಗ್ಲಿ ಬಿಡಾ. ನೀನೇನು ಬೇಕಂತ ಮಾಡಿದ್ಯಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಉತ್ತರ ಬರ್ಲಿಲ್ಲ ಅಂದ್ರೆ ಹನ್ನೊಂದು ದಿನ ಕಾಯೋದಾ? ನಾನಾದ್ರೆ ಹತ್ತು ನಿಮಿಷ ನೋಡಿ ಎದ್ದು ಬರ್ತಿದ್ದೆ."

ಲೈನ್ ಕಟ್ ಆಗಿದೆಯಾ, ಆ ಕಡೆಯವರು ಸುಮ್ಮನಿದ್ದಾರಾ?

ಅಪ್ಪಯ್ಯ ಕೇಳಿದ ಪ್ರಶ್ನೆಗೆ ತಾಂತ್ರಿಕ ಉತ್ತರ ಇದೆ. ನಮ್ಮ ಮಲೆನಾಡಿನ ಫೋನ್ ಸಿಗ್ನಲ್ ನೋಡಿದವರಿಗೆ ಅದು ಬೇಗ ಅರ್ಥ ಆಗುತ್ತೆ. ಮಾತಾಡ್ತಾ ಮಾತಾಡ್ತಾ ಆ ಕಡೆ ಸದ್ದು ನಿಲ್ಲುತ್ತೆ. ಅವರು ಯೋಚಿಸ್ತಿದ್ದಾರಾ, ಲೈನ್ ಹೋಯ್ತಾ? ನಾವು 'ಹಲೋ, ಹಲೋ' ಅನ್ನೋ ತನಕ ಗೊತ್ತಾಗಲ್ಲ.

ಇಂಟರ್ನೆಟ್‌ನ ಟಿಸಿಪಿ ಸಂಪರ್ಕವೂ ಹಾಗೇ. ನನ್ನ ಪ್ರೋಗ್ರಾಂ ಕೋರಿಕೆ ಕಳಿಸಿ ಮುಗಿಸಿದೆ, ಇನ್ನು ಕೇಳಿಸಿಕೊಳ್ಳೋದಷ್ಟೇ ಬಾಕಿ. ಆ ಹೊತ್ತಲ್ಲಿ ಆ ಕಡೆಯ ಯಂತ್ರ ದಿಢೀರ್ ಅಂತ ಆಫ್ ಆದರೆ, ಅಥವಾ ನಡುವಿನ ಯಾವುದೋ ಉಪಕರಣ ಸಂಪರ್ಕವನ್ನು ಸದ್ದಿಲ್ಲದೆ ಮರೆತುಬಿಟ್ಟರೆ, ಈ ಕಡೆಗೆ ಸುದ್ದಿ ಬರೋದಿಲ್ಲ. ಈ ಕಡೆಯಿಂದ ಕಳಿಸೋಕೆ ಏನೂ ಉಳಿದಿಲ್ಲ, ಹಾಗಾಗಿ 'ತಲುಪಲಿಲ್ಲ' ಅಂತ ಗೊತ್ತಾಗುವ ದಾರಿಯೂ ಇಲ್ಲ. ಆಗಾಗ 'ಹಲೋ' ಅನ್ನುವ ಕೀಪ್‌ಅಲೈವ್ ಅನ್ನೋ ವ್ಯವಸ್ಥೆ ಟಿಸಿಪಿಯಲ್ಲಿ ಇದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು. ಮಾಡದಿದ್ದರೆ ಪ್ರೋಗ್ರಾಂ ಹನ್ನೊಂದು ದಿನವೂ ಕಾಯುತ್ತೆ, ಹನ್ನೊಂದು ತಿಂಗಳೂ ಕಾಯುತ್ತೆ.

ಇದಕ್ಕೆ ಮದ್ದು ಟೈಮ್‌ಔಟ್. ಕೋರಿಕೆಯ ಬ್ರಾಕೆಟ್ ಒಳಗೆ 'ಟೈಮ್‌ಔಟ್ ಈಕ್ವಲ್ಸ್ 10' ಅಂತ ಸೇರಿಸಿದರೆ ಸಾಕು. ನಾವು ಹೇಳದಿದ್ದರೆ ರಿಕ್ವೆಸ್ಟ್ಸ್ ತಾನಾಗಿ ಯಾವ ಗಡುವನ್ನೂ ಹಾಕಲ್ಲ. ಇದನ್ನು ಅವರು ಮುಚ್ಚಿಟ್ಟಿಲ್ಲ, ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿರಲಿಲ್ಲ, ಅಷ್ಟೇ. ಎರಡು ಸಾಲಲ್ಲಿ ಕೆಲಸ ಆಗುವಾಗ ಕೈಪಿಡಿ ಯಾರು ಓದ್ತಾರೆ ಹೇಳಿ? ಇದೇ ಥರದ ಎಚ್‌ಟಿಟಿಪಿಎಕ್ಸ್ ಅನ್ನೋ ಹೊಸ ಲೈಬ್ರರಿ ಬೇರೆ ದಾರಿ ಹಿಡಿದಿದೆ. ನಾವು ಹೇಳದಿದ್ದರೂ 5 ಸೆಕೆಂಡ್ ಆ ಕಡೆಯಿಂದ ಸದ್ದಿಲ್ಲದಿದ್ದರೆ ಅದು ಕೈಬಿಡುತ್ತೆ.

ಟೈಮ್‌ಔಟ್‌ಗೆ ಒಂದರ ಬದಲು ಎರಡು ಸಂಖ್ಯೆ ಕೊಡೋದು ಇನ್ನೂ ಒಳ್ಳೇದು. ಮೊದಲನೆಯದು ಸಂಪರ್ಕ ಸಿಗೋಕೆ ಎಷ್ಟು ಹೊತ್ತು ಕಾಯಬೇಕು ಅನ್ನೋದು, ಎರಡನೆಯದು ಸಿಕ್ಕಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಅನ್ನೋದು. ಬಾಗಿಲು ತಟ್ಟಿ ನಿಲ್ಲೋದೇ ಬೇರೆ, ಒಳಗೆ ಕರೆದು ಕೂರಿಸಿದ ಮೇಲೆ ಕಾಯೋದೇ ಬೇರೆ ಅಲ್ವಾ? ರಿಕ್ವೆಸ್ಟ್ಸ್ ಕೈಪಿಡಿಯ ಉದಾಹರಣೆಯಲ್ಲಿ ಮೊದಲ ಸಂಖ್ಯೆ 3.05 ಸೆಕೆಂಡ್. ಈ ವಿಚಿತ್ರ ಸಂಖ್ಯೆಗೂ ಕಾರಣ ಇದೆ. ಮೊದಲ ಪ್ಯಾಕೆಟ್‌ಗೆ ಉತ್ತರ ಬರದಿದ್ದರೆ ಟಿಸಿಪಿ ಹಿಂದೆಲ್ಲ 3 ಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತಿತ್ತು. ಆ ಎರಡನೇ ಪ್ರಯತ್ನಕ್ಕೂ ಅವಕಾಶ ಸಿಗಲಿ ಅಂತ ಮೂರಕ್ಕಿಂತ ಒಂಚೂರು ಜಾಸ್ತಿ.

ಇನ್ನೊಂದು ಗುಟ್ಟು. ಎರಡನೇ ಸಂಖ್ಯೆ ಇಡೀ ಉತ್ತರ ಇಳಿಸಿಕೊಳ್ಳುವ ಒಟ್ಟು ಸಮಯ ಅಲ್ಲ. ಒಂದು ತುಣುಕು ಬಂದ ಮೇಲೆ ಮುಂದಿನ ತುಣುಕು ಬರೋ ತನಕದ ಮೌನಕ್ಕೆ ಹಾಕಿದ ಮಿತಿ. ಆ ಕಡೆಯಿಂದ ಹನಿ ಹನಿಯಾಗಿ ಬರ್ತಾ ಇದ್ದರೆ 10 ಸೆಕೆಂಡ್ ಟೈಮ್‌ಔಟ್ ಇಟ್ಟೂ ಪ್ರೋಗ್ರಾಂ ಅರ್ಧ ಗಂಟೆ ಕೂರಬಹುದು.

ಮತ್ತೆ ಕೇಳೋದಕ್ಕೂ ಒಂದು ಕ್ರಮ

ಸರಿ, ಹತ್ತು ಸೆಕೆಂಡ್ ಕಾದೆವು, ಉತ್ತರ ಬರಲಿಲ್ಲ. ಮುಂದೇನು? ಮತ್ತೆ ಕೇಳಬೇಕು. ಆದರೆ ತಕ್ಷಣ ಅಲ್ಲ. ಆ ಕಡೆ ಸರ್ವರ್ ಸುಸ್ತಾಗಿದ್ದಾಗ ಎಲ್ಲರೂ ಒಟ್ಟಿಗೆ ಮತ್ತೆ ಮತ್ತೆ ಬಾಗಿಲು ಬಡಿದರೆ ಅದು ಏಳೋದೇ ಇಲ್ಲ. ಅದಕ್ಕೆ ಮೊದಲ ಸಲ 1 ಸೆಕೆಂಡ್, ಆಮೇಲೆ 2, ಆಮೇಲೆ 4, 8 ಹೀಗೆ ಅಂತರ ದುಪ್ಪಟ್ಟು ಮಾಡುತ್ತಾ ಹೋಗೋದು ರೂಢಿ. ಎಲ್ಲರ ಗಡಿಯಾರ ಒಂದೇ ಕ್ಷಣಕ್ಕೆ ಹೊಡೆಯದಿರಲಿ ಅಂತ ಅದಕ್ಕೆ ಸ್ವಲ್ಪ ಹೆಚ್ಚುಕಮ್ಮಿ ಸೇರಿಸ್ತಾರೆ. ನಾಲ್ಕೈದು ಪ್ರಯತ್ನದ ನಂತರ ಸೋಲು ಒಪ್ಪಿಕೊಂಡು ಹೇಳಿಬಿಡಬೇಕು. ಯುಆರ್‌ಎಲ್‌ಲಿಬ್3ರಲ್ಲಿ ಇದಕ್ಕೆಲ್ಲ ರಿಟ್ರೈ ಅನ್ನೋ ಸಿದ್ಧ ವ್ಯವಸ್ಥೆ ಇದೆ.

'ನೀವು ಜಾಸ್ತಿ ಕೇಳ್ತಿದ್ದೀರಿ' ಅಂತ ಹೇಳೋಕೂ ಒಂದು ಸಂಖ್ಯೆ ಇದೆ, 429. ಅದು 2012ರಲ್ಲಿ ಅಧಿಕೃತವಾಗಿ ಬಂತು. ಅದರ ಜೊತೆ 'ಇಷ್ಟು ಹೊತ್ತು ಬಿಟ್ಟು ಬನ್ನಿ' ಅಂತ ರಿಟ್ರೈ-ಆಫ್ಟರ್ ಹೆಡರ್ ಬಂದರೆ ಮರ್ಯಾದೆಯಿಂದ ಪಾಲಿಸಬೇಕು. ಹಾಗೇ, ಯಾವ ಪುಟಗಳನ್ನು ಪ್ರೋಗ್ರಾಂಗಳು ಓದಬಾರದು ಅಂತ ತಾಣದವರು ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಕಡತದಲ್ಲಿ ಬರೆದಿರ್ತಾರೆ. 1994ರಿಂದ ನಡೆದು ಬಂದ ಪದ್ಧತಿ ಅದು, 2022ರಲ್ಲಿ ಮಾನದಂಡದ ದಾಖಲೆಯಾಗಿ ಪ್ರಕಟವಾಯ್ತು. ಕೇಳೋ ಮೊದಲು ಅದನ್ನೂ, ತಾಣದ ಬಳಕೆಯ ನಿಯಮವನ್ನೂ ಒಮ್ಮೆ ಓದಿ.

ಎಲ್ಲವನ್ನೂ ಮತ್ತೆ ಕೇಳುವಂತಿಲ್ಲ ಅನ್ನೋದು ಇನ್ನೂ ಮುಖ್ಯ. ಧಾರಣೆ ಎಷ್ಟು ಅಂತ ಹತ್ತು ಸಲ ಕೇಳಿದರೂ ಧಾರಣೆ ಬದಲಾಗಲ್ಲ. ಆದರೆ 'ಈ ಖಾತೆಗೆ 500 ರೂಪಾಯಿ ಹಾಕು' ಅನ್ನೋದು ಹಾಗಲ್ಲ. ಅಂಗಡಿಯಲ್ಲಿ ಯುಪಿಐ ಮಾಡಿ 'ಪೆಂಡಿಂಗ್' ಅಂತ ಬಂದಾಗ ನಾವು ಮತ್ತೆ ಕಳಿಸೋಕೆ ಹಿಂದೆಮುಂದೆ ನೋಡ್ತೀವಲ್ಲ, ಅದೇ ವಿಷಯ. ಉತ್ತರ ಬರಲಿಲ್ಲ ಅಂದರೆ ಕೆಲಸ ಆಗಲಿಲ್ಲ ಅಂತಲ್ಲ. ಕೆಲಸ ಆಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಅದಕ್ಕೇ ಆ ರಿಟ್ರೈ ವ್ಯವಸ್ಥೆ ಗೆಟ್ ಕೋರಿಕೆಗಳನ್ನು ಮತ್ತೆ ಕಳಿಸುತ್ತೆ, ಪೋಸ್ಟ್ ಕೋರಿಕೆಗಳನ್ನು ನಾವು ಹೇಳದ ಹೊರತು ಮತ್ತೆ ಕಳಿಸಲ್ಲ. ಹಣದ ವ್ಯವಹಾರದ ಕೋಡ್‌ನಲ್ಲಿ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಅಂಟಿಸ್ತಾರೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ 'ಇದು ಆಗಲೇ ಆಗಿದೆ' ಅಂತ ಆ ಕಡೆಗೆ ಗೊತ್ತಾಗುತ್ತೆ.

ಹಾಗೇ ಒಂದು ಎಚ್ಚರಿಕೆ. ಸರ್ಟಿಫಿಕೇಟ್ ಎರರ್ ಬಂದಾಗ 'ವೆರಿಫೈ ಈಕ್ವಲ್ಸ್ ಫಾಲ್ಸ್' ಹಾಕಿ ಅಂತ ಸಲಹೆ ಕೊಡುವವರು ತುಂಬ ಜನ. ಹಾಕಿದರೆ ಎರರ್ ಹೋಗುತ್ತೆ ನಿಜ. ಜೊತೆಗೆ ಆ ಕಡೆ ಮಾತಾಡ್ತಿರೋದು ಯಾರು ಅನ್ನೋ ಖಾತ್ರಿಯೂ ಹೋಗುತ್ತೆ. ಪಾಸ್‌ವರ್ಡ್ ಅಥವಾ ದುಡ್ಡಿನ ವಿಷಯ ಇರುವ ಕಡೆ ಖಂಡಿತ ಬೇಡ.

ಈಗಿನ ವ್ಯವಸ್ಥೆ

ಆ ದಿನ ಜಗಲಿಯಲ್ಲೇ ಕೂತು ಟೈಮ್‌ಔಟ್ ಸೇರಿಸಿದೆ, ರಿಟ್ರೈ ಸೇರಿಸಿದೆ. ಸದಾ ಓಡುವ ಪ್ರೋಗ್ರಾಂ ಬದಲು, ದಿನಾ ಸಂಜೆ ಹೊಸದಾಗಿ ಶುರುವಾಗಿ ಕೆಲಸ ಮುಗಿಸಿ ನಿಲ್ಲುವ ಹಾಗೆ ಕ್ರಾನ್‌ಗೆ ಹಾಕಿದೆ. ಒಂದು ದಿನ ಕೆಟ್ಟರೂ ಮಾರನೇ ದಿನ ಹೊಸ ಜನ್ಮ.

ಅಷ್ಟು ಮಾಡಿದ ಮೇಲೂ ಸಮಾಧಾನ ಆಗಲಿಲ್ಲ. ಯಾಕಂದರೆ ನಷ್ಟಕ್ಕೆ ಕಾರಣ ಟೈಮ್‌ಔಟ್ ಒಂದೇ ಅಲ್ಲ. 'ಮೆಸೇಜ್ ಬರ್ಲಿಲ್ಲ ಅಂದ್ರೆ ಎಲ್ಲ ಸರಿ ಇದೆ' ಅಂತ ನಾನು ಅಪ್ಪಯ್ಯನಿಗೆ ಹೇಳಿಕೊಟ್ಟಿದ್ದೆ. ಧಾರಣೆ ಬದಲಾಗದಿದ್ದಾಗಲೂ ಮೌನ, ಪ್ರೋಗ್ರಾಂ ಸ್ತಬ್ಧವಾದಾಗಲೂ ಅದೇ ಮೌನ. ಎರಡನ್ನೂ ಬೇರೆ ಮಾಡಿ ನೋಡೋಕೆ ಅವನಿಗೆ ನಾನು ದಾರಿ ಬಿಟ್ಟಿರಲಿಲ್ಲ. ಕೆಳಮನೆ ಮಾವನ ಬಾಯಿಮಾತಿಗಿಂತ ನನ್ನ ಯಂತ್ರದ ಮೌನವನ್ನು ಹೆಚ್ಚು ನಂಬಿದ್ದು ಅವನ ತಪ್ಪಲ್ಲ.

ಹಾಗಾಗಿ ಒಪ್ಪಂದವನ್ನೇ ಬದಲಿಸಿದೆವು. ಈಗ ದಿನಾ ರಾತ್ರಿ 8 ಗಂಟೆಗೆ ಮೆಸೇಜ್ ಬಂದೇ ಬರುತ್ತೆ. ಧಾರಣೆ ಬದಲಾಗಿದ್ದರೆ ಹೊಸ ಧಾರಣೆ. ಬದಲಾಗದಿದ್ದರೆ 'ನಿನ್ನೆಯಷ್ಟೇ ಇದೆ.' ಪುಟ ಸಿಗದಿದ್ದರೆ 'ಇವತ್ತು ಗೊತ್ತಾಗಲಿಲ್ಲ, ಮಂಡಿಗೆ ಫೋನ್ ಮಾಡಿ ಕೇಳು.' ಮೆಸೇಜೇ ಬರದಿದ್ದರೆ ಪ್ರೋಗ್ರಾಂ ಕೆಟ್ಟಿದೆ ಅಂತ ಅರ್ಥ, ನನಗೆ ಫೋನ್ ಮಾಡಬೇಕು.

ಆಫೀಸಿನಲ್ಲೂ ಈಗ ಬೇರೆಯವರ ಕೋಡ್ ಪರಿಶೀಲಿಸುವಾಗ ನನ್ನ ಕಣ್ಣು ಮೊದಲು ಹೋಗೋದು ಟೈಮ್‌ಔಟ್ ಇದೆಯಾ ಅನ್ನೋ ಕಡೆಗೆ. ಹೊಸದಾಗಿ ಸೇರಿದವರು "ಅದಿಲ್ಲದೇನೂ ಕೆಲಸ ಮಾಡ್ತಿದೆಯಲ್ಲ ಸರ್" ಅಂದರೆ ಅಡಿಕೆ ಕಥೆ ಹೇಳ್ತೀನಿ. ನಿಮ್ಮ ಹತ್ತಿರವೂ ಎಲ್ಲೋ ಸದ್ದಿಲ್ಲದೆ ಓಡುವ ಒಂದು ಪುಟ್ಟ ಸ್ಕ್ರಿಪ್ಟ್ ಇದ್ದರೆ ಇವತ್ತೇ ತೆಗೆದು ಎರಡು ವಿಷಯ ನೋಡಿ: ಉತ್ತರ ಬರದಿದ್ದರೆ ಅದು ಎಷ್ಟು ಹೊತ್ತು ಕಾಯುತ್ತೆ? ಅದು ನಿಂತುಹೋದರೆ ಯಾರಿಗೆ ಗೊತ್ತಾಗುತ್ತೆ?

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಸರ್ವರ್ ಬಾಡಿಗೆ ಕಟ್ಟೋದು ಮರೆತಿದ್ದೆ. ಪ್ರೋಗ್ರಾಂ ನಿಂತಿತ್ತು. 8 ಗಂಟೆ 10 ನಿಮಿಷಕ್ಕೆ ಸರಿಯಾಗಿ ಅಪ್ಪಯ್ಯನ ಫೋನ್ ಬಂತು.

"ಮೆಸೇಜ್ ಬರ್ಲಿಲ್ಲಲ್ಲಾ, ಹತ್ತು ನಿಮಿಷ ನೋಡಿದೆ. ನೀನು ಹುಷಾರಿದ್ಯಾ?"

ಅವತ್ತು ಅವನು ಧಾರಣೆ ಕೇಳಲೇ ಇಲ್ಲ. ಊಟ ಆಯ್ತಾ, ಅಲ್ಲಿ ಮಳೆ ಹೆಂಗೆ ಅಂತ ಇಪ್ಪತ್ತು ನಿಮಿಷ ಮಾತಾಡಿದೆವು.